ಮಾತಿಗೆ ಮೊದಲೇ ಮುಖ ತಲುಪಿರುತ್ತದೆ

ಯಾರಾದರೂ ಮನಸ್ಸಿನ ಮಾತು ಹೇಳಿಕೊಂಡಾಗ, ಕೇಳುವವರು ಅವರ ಲಿಂಗವನ್ನೂ ರೂಪವನ್ನೂ ನೋಡಿ ಹೇಗೆ ಬೇರೆಬೇರೆಯಾಗಿ ನಡೆದುಕೊಳ್ಳುತ್ತಾರೆ ಎಂಬ ಇವತ್ತಿನ ಮಾತನ್ನು ಎರಡು ಕಣ್ಣೀರಿನ ಪ್ರಸಂಗಗಳಿಂದ ಆರಂಭಿಸುತ್ತೇನೆ. ಎರಡೂ ಅಮೆರಿಕದ ರಾಜಕೀಯದಲ್ಲಿ, ಎಲ್ಲರ ಕಣ್ಣೆದುರೇ ನಡೆದವು.

ಮೊದಲನೆಯದು 1972ರ ಫೆಬ್ರುವರಿ ತಿಂಗಳಿನದು. ಎಡ್ಮಂಡ್ ಮಸ್ಕಿ ಎಂಬ ಸೆನೆಟರ್ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ಹೊರಟವರಲ್ಲಿ ಎಲ್ಲರಿಗಿಂತ ಮುಂದಿದ್ದರು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದು ಪತ್ರಿಕೆ ಅವರ ಹೆಂಡತಿಯ ಬಗ್ಗೆ ಹಗುರವಾಗಿ ಬರೆದಿತ್ತು. ಮಸ್ಕಿ ಅದೇ ಪತ್ರಿಕೆಯ ಕಚೇರಿಯ ಮುಂದೆ, ಹಿಮ ಬೀಳುತ್ತಿರುವಾಗಲೇ ನಿಂತು, ಹೆಂಡತಿಯ ಪರವಾಗಿ ಮಾತನಾಡಿದರು. ನಡುವೆ ಗಂಟಲು ಕಟ್ಟಿತು. ಮಸ್ಕಿ ಅತ್ತರು ಎಂದು ವರದಿಗಾರರು ಬರೆದರು. ಮುಖದ ಮೇಲೆ ಇದ್ದದ್ದು ಕರಗಿದ ಹಿಮ ಎಂದು ಮಸ್ಕಿ ಹೇಳಿದರು. ಆದರೆ ಅಷ್ಟರಲ್ಲಿ ಅನುಮಾನ ಬೇರೂರಿಯಾಗಿತ್ತು: ಇಂಥ ಮನುಷ್ಯ ಅಧ್ಯಕ್ಷ ಪದವಿಯ ಒತ್ತಡವನ್ನು ತಡೆದುಕೊಂಡಾನೇ? ಪಕ್ಷದ ಅಭ್ಯರ್ಥಿಯನ್ನು ಆರಿಸಲು ಆ ರಾಜ್ಯದಲ್ಲಿ ನಡೆದ ಪ್ರಾಥಮಿಕ ಚುನಾವಣೆಯನ್ನು ಅವರು ಗೆದ್ದರೂ ನಿರೀಕ್ಷಿಸಿದಷ್ಟು ಮತ ಬರಲಿಲ್ಲ. ಕೊನೆಗೆ ಪಕ್ಷದ ಟಿಕೆಟ್ ಬೇರೆಯವರ ಪಾಲಾಯಿತು.

ಎರಡನೆಯದು 1987ರ ಸೆಪ್ಟೆಂಬರ್. ಕೊಲರಾಡೊದ ಸಂಸದೆ ಪ್ಯಾಟ್ರೀಷಿಯಾ ಶ್ರೋಡರ್ ತಾವು ಅಧ್ಯಕ್ಷ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಪ್ರಕಟಿಸಲು ಬಂದರು. ಬೆಂಬಲಿಗರ ಮುಂದೆ ಹೇಳುತ್ತಾ ಹೇಳುತ್ತಾ ಅವರಿಗೆ ಅಳು ಬಂತು. ಗಂಡನ ಹೆಗಲಿಗೆ ತಲೆಯಾನಿಸಿದರು. ಟೀಕೆಗಳ ಮಳೆಯೇ ಸುರಿಯಿತು. ಟೀಕಿಸಿದವರಲ್ಲಿ ಹೆಂಗಸರೂ ಬಹಳ ಮಂದಿ ಇದ್ದರು. ಹೀಗೆ ಅಳುವವರ ಕೈಗೆ ಅಣ್ವಸ್ತ್ರದ ಗುಂಡಿ ಕೊಡುವುದು ಹೇಗೆ, ಹೆಣ್ಣುಮಕ್ಕಳು ಇಷ್ಟು ವರ್ಷ ಸಂಪಾದಿಸಿದ್ದನ್ನೆಲ್ಲ ಇವರು ಒಂದು ಗಳಿಗೆಯಲ್ಲಿ ಕಳೆದರು ಎಂಬ ಧಾಟಿಯ ಮಾತುಗಳು ಬಂದವು. ಶ್ರೋಡರ್ ಆಮೇಲೆ ಒಂದು ಕೆಲಸ ಮಾಡಿದರು. ಸಾರ್ವಜನಿಕವಾಗಿ ಕಣ್ಣೀರು ಹಾಕಿದ ಗಂಡಸು ರಾಜಕಾರಣಿಗಳ ಸುದ್ದಿಗಳನ್ನು ಒಂದು ಕಡತದಲ್ಲಿ ಸೇರಿಸುತ್ತ ಹೋದರು. ಕಡತ ದಪ್ಪವಾಗುತ್ತ ಹೋಯಿತು.

ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಇಬ್ಬರಿಗೂ ನಷ್ಟವಾಯಿತು, ನಿಜ. ಆದರೆ ಮಸ್ಕಿ ಅತ್ತಾಗ ಜನ ಮಸ್ಕಿಯನ್ನು ಅಳೆದರು. ಶ್ರೋಡರ್ ಅತ್ತಾಗ ಹೆಣ್ಣುಕುಲವನ್ನೇ ತಕ್ಕಡಿಗೆ ಹಾಕಿದರು. ಮಸ್ಕಿಯ ಮೇಲೆ ಬಂದ ದೂರು, ಗಂಡಸು ಇರಬೇಕಾದ ಹಾಗೆ ಇವನಿಲ್ಲ ಎಂಬುದು. ಶ್ರೋಡರ್ ಮೇಲೆ ಬಂದ ದೂರು, ಹೆಂಗಸರು ಇರುವುದೇ ಹೀಗೆ ಎಂಬುದು. ಈ ಎರಡು ದೂರುಗಳ ನಡುವೆ ಇರುವ ಅಂತರವೇ ಇವತ್ತಿನ ನನ್ನ ವಿಷಯ. ಇನ್ನೂ ಒಂದು ಸೇರಿಸಿ ಮುಂದೆ ಹೋಗುತ್ತೇನೆ: 2008ರ ಜನವರಿಯಲ್ಲಿ ಅದೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಿಲರಿ ಕ್ಲಿಂಟನ್ ಒಬ್ಬ ಮಹಿಳೆಯ ಪ್ರಶ್ನೆಗೆ ಉತ್ತರಿಸುವಾಗ ಅವರ ಕಣ್ಣು ತುಂಬಿ ಬಂತು. ಅಲ್ಲಿಯ ಪ್ರಾಥಮಿಕ ಚುನಾವಣೆಯನ್ನು ಅವರು ಗೆದ್ದರು. ಅಲ್ಲಿಯವರೆಗೆ ಅವರನ್ನು ಭಾವನೆಯೇ ಇಲ್ಲದವರು ಎನ್ನುತ್ತಿದ್ದವರಲ್ಲಿ ಕೆಲವರು ಆ ದಿನ, ಇದು ಲೆಕ್ಕಾಚಾರದ ಕಣ್ಣೀರು ಎಂದರು. ಅಳದಿದ್ದರೆ ಕಲ್ಲು, ಅತ್ತರೆ ನಾಟಕ.

ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಈಗ ಒಂದು ಆಕ್ಷೇಪ ಎದ್ದಿರಬಹುದು. ಹೆಂಗಸರು ಮನಸ್ಸಿನ ಮಾತನ್ನು ಹೆಚ್ಚು ಹೇಳಿಕೊಳ್ಳುತ್ತಾರೆ, ಗಂಡಸರು ಹೇಳಿಕೊಳ್ಳುವುದಿಲ್ಲ, ಆದ್ದರಿಂದ ಪ್ರತಿಕ್ರಿಯೆಯೂ ಬೇರೆಯಾಗುವುದು ಸಹಜವಲ್ಲವೇ ಎಂದು. ಈ ನಂಬಿಕೆಯನ್ನು ಮೊದಲು ಪರೀಕ್ಷಿಸೋಣ. 1958ರಲ್ಲಿ ಸಿಡ್ನಿ ಜುರಾರ್ಡ್ ಎಂಬ ಮನೋವಿಜ್ಞಾನಿ ಪಾಲ್ ಲಸಕೋ ಜತೆ ಸೇರಿ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ನಿಮ್ಮ ಆರೋಗ್ಯ, ಹಣಕಾಸು, ಭಯ, ದೇಹದ ಬಗೆಗಿನ ಚಿಂತೆ, ಇಂಥವನ್ನು ತಾಯಿಗೆ ಎಷ್ಟು ಹೇಳುತ್ತೀರಿ, ತಂದೆಗೆ ಎಷ್ಟು, ಸ್ನೇಹಿತರಿಗೆ ಎಷ್ಟು ಎಂದು ಕೇಳುವ ಪ್ರಶ್ನಾವಳಿ. ಅದರಲ್ಲಿ ಹೆಂಗಸರು ಹೆಚ್ಚು ಹೇಳಿಕೊಳ್ಳುವುದು ಕಂಡುಬಂತು. ಆಮೇಲೆ ಮೂರು ದಶಕಗಳ ಕಾಲ ಇಂಥ ಅಧ್ಯಯನಗಳು ಸಾಲುಸಾಲಾಗಿ ಬಂದವು. 1992ರಲ್ಲಿ ಕ್ಯಾಥರಿನ್ ಡಿಂಡಿಯಾ ಮತ್ತು ಮೈಕ್ ಅಲೆನ್ ಅವುಗಳಲ್ಲಿ 205 ಅಧ್ಯಯನಗಳನ್ನು, ಒಟ್ಟು 23,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಹೆಂಗಸರು ಹೆಚ್ಚು ಹೇಳಿಕೊಳ್ಳುತ್ತಾರೆ ಎಂಬುದು ಸರಿಯೇ, ಆದರೆ ಆ ವ್ಯತ್ಯಾಸ ತೀರಾ ಚಿಕ್ಕದು. ದಾರಿಯಲ್ಲಿ ಹೋಗುವ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಹಿಡಿದು ನಿಲ್ಲಿಸಿದರೆ, ಇಬ್ಬರಲ್ಲಿ ಯಾರು ಹೆಚ್ಚು ಮನಸ್ಸು ಬಿಚ್ಚುತ್ತಾರೆ ಎಂದು ಆ ಲೆಕ್ಕದ ಬಲದ ಮೇಲೆ ಹೇಳಲು ಹೋಗುವುದು ಹೆಚ್ಚುಕಡಿಮೆ ಊಹೆಯೇ ಆಗುತ್ತದೆ.

ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹೆಂಗಸರು ಮಾತೇ ಜಾಸ್ತಿ ಆಡುತ್ತಾರೆ ಎಂಬ ಮಾತನ್ನು ನಾವೆಲ್ಲರೂ ಕೇಳಿ ಬೆಳೆದಿದ್ದೇವೆ. 2007ರಲ್ಲಿ ಮಥಾಯಸ್ ಮೇಲ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಮೈಮೇಲೆ ಚಿಕ್ಕ ಧ್ವನಿಮುದ್ರಕ ಇರಿಸಿ ದಿನದ ಮಾತನ್ನು ಎಣಿಸಿದರು. ಹೆಂಗಸರೂ ಗಂಡಸರೂ ದಿನಕ್ಕೆ ಸುಮಾರು 16,000 ಪದಗಳ ಆಸುಪಾಸಿನಲ್ಲೇ ಇದ್ದರು. ಎಣಿಸುವ ಮೊದಲೇ ತೀರ್ಪು ಕೊಟ್ಟುಬಿಟ್ಟಿದ್ದ ವಿಷಯಗಳಲ್ಲಿ ಇದೂ ಒಂದು.

ಹಾಗಾದರೆ ಹೇಳುವವರಲ್ಲಿ ಇರುವ ವ್ಯತ್ಯಾಸ ಕಡಿಮೆ. ಕೇಳುವವರಲ್ಲಿ ಏನಾಗುತ್ತದೆ? 1976ರಲ್ಲಿ ವ್ಯಾಲೇರಿಯನ್ ಡರ್ಲೆಗಾ ಮತ್ತು ಅಲನ್ ಚೇಕಿನ್ ಇದನ್ನೇ ಕೇಳಿದರು. ಒಬ್ಬ ವ್ಯಕ್ತಿ ತನ್ನ ಸ್ವಂತ ಸಂಕಟವೊಂದನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವ, ಅಥವಾ ಹಂಚಿಕೊಳ್ಳದೆ ಉಳಿಯುವ ಪ್ರಸಂಗವನ್ನು ಓದಲು ಕೊಟ್ಟು, ಈ ವ್ಯಕ್ತಿ ಮಾನಸಿಕವಾಗಿ ಎಷ್ಟು ಸ್ವಸ್ಥ ಎಂದು ಅಭಿಪ್ರಾಯ ಪಡೆದರು. ಪ್ರಸಂಗದಲ್ಲಿ ಗಂಡಸಿದ್ದರೆ, ಬಾಯಿ ಬಿಡದೆ ಉಳಿದವನೇ ಹೆಚ್ಚು ಸ್ವಸ್ಥನೆಂದು ಓದುಗರು ಹೇಳಿದರು. ಹೆಂಗಸಿದ್ದರೆ, ಹೇಳಿಕೊಂಡವಳೇ ಹೆಚ್ಚು ಸ್ವಸ್ಥಳು. ಹೀಗೆ ತೀರ್ಪು ಕೊಟ್ಟವರಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು.

ಮರುವರ್ಷ ಹ್ಯಾಮೆನ್ ಮತ್ತು ಪೀಟರ್ಸ್ ಖಿನ್ನತೆಯ ಬಗ್ಗೆ ಇಂಥದೇ ಪ್ರಯೋಗ ಮಾಡಿದರು. ಖಿನ್ನತೆಯ ಲಕ್ಷಣಗಳು ಒಂದೇ ಆಗಿದ್ದರೂ, ಖಿನ್ನನಾದ ಗಂಡಸನ್ನು ಜನ ಖಿನ್ನಳಾದ ಹೆಂಗಸಿಗಿಂತ ಹೆಚ್ಚು ದೂರವಿಟ್ಟರು.

ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದು ಎಂಬ ಗಾದೆ ನಿಮಗೆಲ್ಲ ಗೊತ್ತು. ಒಂದೇ ಸಾಲಿನಲ್ಲಿ ಇಬ್ಬರಿಗೂ ಬಾಯಿಬೀಗ ಹಾಕುವ ಗಾದೆ ಅದು. ಅದನ್ನು ಹೇಳುವವರು ಈಗ ಕಡಿಮೆಯಾಗಿರಬಹುದು. ಆದರೆ ಅದರ ಪ್ರಕಾರ ನಡೆದುಕೊಳ್ಳುವವರು ಕಡಿಮೆಯಾಗಿಲ್ಲ.

ಒಬ್ಬ ಗಂಡಸು ಗೆಳೆಯನ ಬಳಿ ಹೋಗಿ, "ಕೆಲವು ತಿಂಗಳಿಂದ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟವಾಗಿದೆ" ಎಂದು ಹೇಳಿದ ಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಗಮನಿಸಿ. ಗೆಳೆಯ ಕೆಟ್ಟವನಲ್ಲ. ಆದರೆ ಅವನ ಕಣ್ಣು ಪಕ್ಕಕ್ಕೆ ಸರಿಯುತ್ತದೆ. ಕೈ ಮೊಬೈಲ್‌ನತ್ತ ಹೋಗುತ್ತದೆ. "ಕೆಲಸ ಜಾಸ್ತಿಯಾಗಿರಬೇಕು, ನಾಲ್ಕು ದಿನ ರಜೆ ಹಾಕು" ಎನ್ನುತ್ತಾನೆ. "ವ್ಯಾಯಾಮ ಮಾಡು" ಎನ್ನುತ್ತಾನೆ. ನಂತರ ಹೆಗಲ ಮೇಲೊಂದು ಏಟು ಹಾಕಿ, ಬೇರೆ ವಿಷಯ ಎತ್ತುತ್ತಾನೆ. ಎಲ್ಲವೂ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಹೇಳಲು ತಿಂಗಳುಗಟ್ಟಲೆ ಧೈರ್ಯ ಕೂಡಿಸಿಕೊಂಡವನು ಅಲ್ಲಿಂದ ಎದ್ದು ಬರುವಾಗ ಒಂದು ಪಾಠ ಕಲಿತಿರುತ್ತಾನೆ. ಮತ್ತೆ ಅವನು ಬಾಯಿ ತೆರೆಯುವುದು ಯಾವಾಗಲೋ, ಯಾರ ಮುಂದೆಯೋ. ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸಾಯುವ ಗಂಡಸರ ಪ್ರಮಾಣ ಹೆಂಗಸರ ಎರಡು ಪಟ್ಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಕಾರಣಗಳು ಹಲವು, ಎಲ್ಲವನ್ನೂ ಮೌನದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ "ಗಂಡಸರು ಮನಸ್ಸು ಬಿಚ್ಚಿ ಮಾತನಾಡಬೇಕು" ಎಂದು ಎಲ್ಲ ವೇದಿಕೆಗಳಿಂದಲೂ ಕರೆ ಕೊಡುವ ನಾವು, ಅವರು ಮಾತನಾಡಿದಾಗ ಎದುರಿಗೆ ಕುಳಿತವರು ಹೇಗೆ ನಡೆದುಕೊಳ್ಳುತ್ತಾರೆ ಎಂದು ಕೇಳಿಕೊಳ್ಳದಿರುವುದು ನನಗೆ ನ್ಯಾಯವೆನಿಸುವುದಿಲ್ಲ.

ಈಗ ಹೆಂಗಸರ ಕಡೆಗೆ ಬರೋಣ. ಡರ್ಲೆಗಾ ಅವರ ಫಲಿತಾಂಶ ನೋಡಿದರೆ, ಹೆಂಗಸರಿಗೆ ಹೇಳಿಕೊಳ್ಳಲು ಸಮಾಜದ ಪರವಾನಗಿ ಇದೆಯಲ್ಲ, ಅವರಿಗೇನು ಕಷ್ಟ ಎನಿಸಬಹುದು. ಪರವಾನಗಿ ಇದೆ, ಒಪ್ಪುತ್ತೇನೆ. ಆದರೆ ಹೇಳಿದ ಮಾತಿಗೆ ತೂಕವೆಷ್ಟು?

ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಎಲೈಜಾ ಬ್ಲಿಸ್-ಮೊರೊ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ದುಃಖ, ಕೋಪ, ಭಯ ತುಂಬಿದ ಮುಖಗಳನ್ನು ತೋರಿಸಿ, ಪ್ರತಿಯೊಂದರ ಜತೆಗೂ ಕಾರಣವನ್ನು ತಿಳಿಸಿದರು. ಕಾರಣ ಹೊರಗಿನದೆಂಬುದು ಸ್ಪಷ್ಟವಾಗಿತ್ತು. ಆಮೇಲೆ ಅದೇ ಮುಖಗಳನ್ನು ಮತ್ತೆ ತೋರಿಸಿ, ಈ ವ್ಯಕ್ತಿ ಸ್ವಭಾವತಃ ಭಾವುಕರೋ, ಅಥವಾ ಅವರಿಗೆ ಅಂದಿನ ದಿನ ಸರಿಯಿರಲಿಲ್ಲವೋ ಎಂದು ಕೇಳಿದರು. ಹೆಂಗಸಿನ ಮುಖಕ್ಕೆ "ಸ್ವಭಾವವೇ ಹಾಗೆ" ಎಂಬ ಉತ್ತರ ಹೆಚ್ಚು ಬಂತು. ಗಂಡಸಿನ ಮುಖಕ್ಕೆ "ದಿನ ಸರಿಯಿರಲಿಲ್ಲ" ಎಂಬುದು ಹೆಚ್ಚು ಬಂತು. ಕಾರಣ ಕೈಯಲ್ಲೇ ಇದ್ದರೂ ಜನ ಹೆಂಗಸಿನ ವಿಷಯದಲ್ಲಿ ಅದನ್ನು ಪಕ್ಕಕ್ಕಿಟ್ಟರು. ಕೋಪದ ವಿಷಯದಲ್ಲಿ ವಿಕ್ಟೋರಿಯಾ ಬ್ರೆಸ್ಕಲ್ ಮತ್ತು ಎರಿಕ್ ಉಲ್‌ಮನ್ 2008ರಲ್ಲಿ ಕಂಡದ್ದೂ ಇದನ್ನೇ: ಕೆಲಸದ ಜಾಗದಲ್ಲಿ ಸಿಟ್ಟಾದುದನ್ನು ಹೇಳಿಕೊಂಡ ಗಂಡಸಿನ ಸ್ಥಾನಮಾನ ಏರಿತು, ಹೆಂಗಸಿನದು ಇಳಿಯಿತು. ಅವನ ಸಿಟ್ಟಿಗೆ ಸನ್ನಿವೇಶ ಕಾರಣವಾಯಿತು, ಅವಳ ಸಿಟ್ಟಿಗೆ ಅವಳೇ ಕಾರಣವಾದಳು.

ಇದು ಬರೀ ಅಭಿಪ್ರಾಯದ ಮಟ್ಟದಲ್ಲಿ ನಿಲ್ಲುವುದಿಲ್ಲ ಎಂಬುದೇ ನನ್ನನ್ನು ಕಾಡುವ ಸಂಗತಿ. ನೋವು ಕೂಡ ಹೇಳಿಕೊಳ್ಳಬೇಕಾದ ವಿಷಯವೇ; ಅದನ್ನು ಅಳೆಯುವ ಯಂತ್ರವಿಲ್ಲ, ರೋಗಿಯ ಬಾಯಿಮಾತನ್ನೇ ನಂಬಬೇಕು. ಅಮೆರಿಕದ ಒಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊಟ್ಟೆನೋವೆಂದು ಬಂದವರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೋವಿನ ಮಟ್ಟ ಒಂದೇ ಎಂದು ಹೇಳಿದ್ದರೂ, ಹೆಂಗಸರಿಗೆ ಪ್ರಬಲ ನೋವುನಿವಾರಕ ಸಿಗುವ ಸಾಧ್ಯತೆ ಕಡಿಮೆಯಿತ್ತು. ಸಿಕ್ಕಿದವರು ಕಾಯ್ದ ಸಮಯ ಸರಾಸರಿಯಲ್ಲಿ ಗಂಡಸರಿಗೆ 49 ನಿಮಿಷವಾದರೆ ಹೆಂಗಸರಿಗೆ 65 ನಿಮಿಷ. ಹೊಟ್ಟೆ ಹಿಡಿದುಕೊಂಡು ಬಾಗಿ ಕುಳಿತವರಿಗೆ ಆ 16 ನಿಮಿಷಗಳ ಉದ್ದ ಎಷ್ಟೆಂದು ನಾನು ವಿವರಿಸಬೇಕಾಗಿಲ್ಲ.

ಗಂಡಸು ಹೇಳಿದರೆ, ಇವನು ಹೇಳಬಾರದಿತ್ತು ಎನ್ನುತ್ತೇವೆ. ಹೆಂಗಸು ಹೇಳಿದರೆ, ಇವಳು ಹೇಳುತ್ತಲೇ ಇರುತ್ತಾಳೆ ಎನ್ನುತ್ತೇವೆ. ಒಬ್ಬರನ್ನು ಹೇಳದಂತೆ ತಡೆಯುತ್ತೇವೆ, ಇನ್ನೊಬ್ಬರು ಹೇಳಿದ್ದನ್ನು ಕೇಳಿಯೂ ಕೇಳದಂತಿರುತ್ತೇವೆ. ಯಾರ ಕಷ್ಟ ದೊಡ್ಡದು ಎಂಬ ಜಗಳಕ್ಕೆ ದಯವಿಟ್ಟು ಇಳಿಯಬೇಡಿ. ಆ ಜಗಳದಲ್ಲಿ ಕೇಳುವವರ ಮೇಲಿರಬೇಕಾದ ಗಮನ ಮತ್ತೆ ಹೇಳುವವರ ಮೇಲೆ ಹೋಗಿ ಕೂರುತ್ತದೆ.

ಇನ್ನು ರೂಪದ ವಿಷಯ. ಇದನ್ನು ಮಾತನಾಡಲು ನಾವು ಹಿಂಜರಿಯುತ್ತೇವೆ. ನಾನು ಮುಖ ನೋಡಿ ಮಣೆ ಹಾಕುವವನಲ್ಲ ಎಂದು ಎಲ್ಲರೂ ಹೇಳುತ್ತೇವೆ, ಪ್ರಾಮಾಣಿಕವಾಗಿಯೇ ಹೇಳುತ್ತೇವೆ. ಆದರೆ 1972ರಲ್ಲಿ ಕ್ಯಾರನ್ ಡಿಯನ್, ಎಲೆನ್ ಬರ್ಷೈಡ್ ಮತ್ತು ಎಲೇನ್ ವಾಲ್‌ಸ್ಟರ್ ಎಂಬ ಮೂವರು ಸಂಶೋಧಕಿಯರು ಅಪರಿಚಿತರ ಭಾವಚಿತ್ರಗಳನ್ನು ಕೊಟ್ಟು, ಇವರು ಎಂಥವರು ಎಂದು ಕೇಳಿದಾಗ, ಚೆಲುವಾದ ಮುಖದವರ ಪಾಲಿಗೆ ಒಳ್ಳೆಯ ಸ್ವಭಾವ, ಒಳ್ಳೆಯ ಉದ್ಯೋಗ, ಸುಖದ ಬದುಕು ಎಲ್ಲವೂ ಬಂದವು. ಒಂದು ಚಿತ್ರದಿಂದ ಇಷ್ಟೆಲ್ಲ. ಆಮೇಲೆ 1991ರಲ್ಲಿ ಆಲಿಸ್ ಈಗ್ಲಿ ಮತ್ತು ಸಂಗಡಿಗರು ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ ಒಂದು ಮಿತಿಯನ್ನು ಗುರುತಿಸಿದರು: ಚೆಲುವಾದವರು ಬೆರೆಯುವ ಸ್ವಭಾವದವರು, ಮಾತಿನಲ್ಲಿ ಚತುರರು ಎಂದು ಜನ ಬಲವಾಗಿ ನಂಬುತ್ತಾರೆ, ಪ್ರಾಮಾಣಿಕರು, ಇತರರ ಬಗ್ಗೆ ಕಾಳಜಿಯುಳ್ಳವರು ಎಂದು ಅಷ್ಟಾಗಿ ನಂಬುವುದಿಲ್ಲ. ಈ ಮಿತಿ ನಮಗೆ ಮುಖ್ಯ, ಏಕೆಂದರೆ ಮನಸ್ಸಿನ ಮಾತು ಹೇಳಿಕೊಂಡಾಗ ಕೇಳುವವರು ಅಳೆಯುವುದು ಪ್ರಾಮಾಣಿಕತೆಯನ್ನೇ.

ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದ ಪ್ರಯೋಗವೊಂದಿದೆ. ಅದನ್ನು ನಿಧಾನವಾಗಿ ಹೇಳುತ್ತೇನೆ. 1977ರಲ್ಲಿ ಮಾರ್ಕ್ ಸ್ನೈಡರ್, ಎಲಿಜಬೆತ್ ಟ್ಯಾಂಕಿ ಮತ್ತು ಎಲೆನ್ ಬರ್ಷೈಡ್ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಜೋಡಿಜೋಡಿಯಾಗಿ ಕರೆಸಿದರು. ಪ್ರತಿ ಜೋಡಿಯಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. ಇಬ್ಬರನ್ನೂ ಬೇರೆಬೇರೆ ಕೋಣೆಗಳಲ್ಲಿ ಕೂರಿಸಿ, ಫೋನಿನ ಮೂಲಕ ಸುಮಾರು ಹತ್ತು ನಿಮಿಷ ಮಾತನಾಡಲು ಬಿಟ್ಟರು. ಮಾತಿಗೆ ಮೊದಲು ಹುಡುಗನ ಕೈಗೆ ಒಂದು ಭಾವಚಿತ್ರ ಕೊಟ್ಟರು: ನೀನು ಮಾತನಾಡಲಿರುವ ಹುಡುಗಿ ಇವಳು. ಕೆಲವರಿಗೆ ಚೆಲುವೆಯ ಚಿತ್ರ, ಕೆಲವರಿಗೆ ಸಾಧಾರಣ ರೂಪದವಳ ಚಿತ್ರ. ಚಿತ್ರಕ್ಕೂ ಆ ಕಡೆ ಕುಳಿತ ಹುಡುಗಿಗೂ ಯಾವ ಸಂಬಂಧವೂ ಇರಲಿಲ್ಲ. ಇಂಥದೊಂದು ಚಿತ್ರವಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಸಂಭಾಷಣೆಯನ್ನು ಮುದ್ರಿಸಿಕೊಂಡು, ಹುಡುಗಿಯ ಧ್ವನಿಯನ್ನಷ್ಟೇ ಬೇರ್ಪಡಿಸಿ, ಏನೂ ಗೊತ್ತಿಲ್ಲದ ಮೂರನೆಯವರಿಗೆ ಕೇಳಿಸಿದರು. ಈ ಹುಡುಗಿ ಹೇಗೆ ಅನಿಸುತ್ತಾಳೆ? ಚೆಲುವೆ ಎಂದು ಹುಡುಗ ನಂಬಿದ್ದ ಹುಡುಗಿಯರು, ಆ ಮೂರನೆಯವರ ಕಿವಿಗೆ, ಹೆಚ್ಚು ಆತ್ಮೀಯವಾಗಿ, ಹೆಚ್ಚು ಸ್ನೇಹಶೀಲವಾಗಿ, ಆತ್ಮವಿಶ್ವಾಸದಿಂದ ಮಾತನಾಡುತ್ತಿದ್ದರು. ಅಂದರೆ ಅವನು ನಗುನಗುತ್ತ, ಕುತೂಹಲದಿಂದ ಕೇಳಿದ್ದಕ್ಕೆ ಅವಳ ಮಾತು ಅರಳಿತ್ತು. ಇನ್ನೊಂದು ಕಡೆ, ಕೈಯಲ್ಲಿದ್ದ ಚಿತ್ರ ನೋಡಿ ಅರೆಮನಸ್ಸಿನಿಂದ "ಹೂಂ" ಎನ್ನುತ್ತಿದ್ದವನ ಎದುರು ಹುಡುಗಿಯ ಮಾತು ಮುದುಡಿತ್ತು. ಆ ಹುಡುಗ ಫೋನ್ ಇಟ್ಟ ಮೇಲೆ ಏನೆಂದುಕೊಂಡಿರುತ್ತಾನೆ ಯೋಚಿಸಿ. ಇವಳು ಬಿಗುಮಾನದವಳು, ಮನಸ್ಸು ಬಿಚ್ಚುವುದಿಲ್ಲ ಎಂದುಕೊಂಡಿರುತ್ತಾನೆ. ಅದಕ್ಕೆ ಅವನ ಬಳಿ ಪುರಾವೆಯೂ ಇರುತ್ತದೆ, ಅವನೇ ಕಿವಿಯಾರೆ ಕೇಳಿದ್ದಾನಲ್ಲ.

"ಅವರು ಯಾರಿಗೂ ಏನನ್ನೂ ಹೇಳಿಕೊಳ್ಳುವುದಿಲ್ಲ" ಎಂದು ನಾವು ಕೆಲವರ ಬಗ್ಗೆ ಹೇಳುತ್ತೇವೆ. ಅಂಥವರಲ್ಲಿ ಎಷ್ಟು ಮಂದಿ ಎಳವೆಯಿಂದಲೂ ಆ ಅರೆಮನಸ್ಸಿನ "ಹೂಂ" ಕೇಳಿ ಕೇಳಿ ಹಾಗಾಗಿದ್ದಾರೋ. ದಪ್ಪಗಿರುವ ಹುಡುಗಿ, ಮೊಡವೆ ತುಂಬಿದ ಮುಖದ ಹುಡುಗ, ಮುಖದಲ್ಲಿ ಸುಟ್ಟ ಗಾಯದ ಕಲೆಯಿರುವವರು, ಇವರಿಗೆಲ್ಲ ಮಾತು ಆರಂಭಿಸುವ ಮೊದಲೇ ಎದುರಿನವರ ಮುಖ ಉತ್ತರ ಕೊಟ್ಟಿರುತ್ತದೆ.

ಹಾಗೆಂದು ಚೆಲುವಾದವರಿಗೆ ಎಲ್ಲವೂ ಸಲೀಸು ಎಂದು ತಿಳಿಯಬೇಡಿ. ಕೆನಡಾದಲ್ಲಿ ಹೆದರ್ ಹಜಿಸ್ತಾವ್ರೋಪೊಲಸ್ ಮತ್ತು ಸಂಗಡಿಗರು 1990ರಲ್ಲಿ ವೈದ್ಯರಿಗೆ ರೋಗಿಗಳ ಚಿತ್ರಗಳನ್ನೂ ವಿವರಗಳನ್ನೂ ಕೊಟ್ಟು, ಯಾರಿಗೆ ಎಷ್ಟು ನೋವಿರಬಹುದು ಎಂದು ಕೇಳಿದರು. ನೋಡಲು ಚೆನ್ನಾಗಿರುವವರಿಗೆ ನೋವು ಕಡಿಮೆ ಎಂದು ವೈದ್ಯರು ಅಂದಾಜಿಸಿದರು. ಚೆಲುವಿನ ಹಿಂದೆ ಆರೋಗ್ಯವಿದೆ, ಸುಖವಿದೆ ಎಂದು ಭಾವಿಸುವ ಮನಸ್ಸು, ಆ ಮುಖ ನೋವಿನ ಮಾತಾಡಿದಾಗ ನಂಬಲು ಒಪ್ಪುವುದಿಲ್ಲ. 2015ರಲ್ಲಿ ನಟಿ ದೀಪಿಕಾ ಪಡುಕೋಣೆ ತಮಗೆ ಖಿನ್ನತೆಯಿತ್ತು ಎಂದು ಬಹಿರಂಗವಾಗಿ ಹೇಳಿದಾಗ ಬಹಳ ಜನರಿಗೆ ಅದರಿಂದ ಧೈರ್ಯ ಬಂತು. ಆದರೆ ರೂಪ, ಹಣ, ಹೆಸರು ಎಲ್ಲ ಇರುವವರಿಗೆ ಖಿನ್ನತೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ನಾವು ಇಂಥ ಸಂದರ್ಭದಲ್ಲೆಲ್ಲ ಕೇಳುತ್ತಲೇ ಬಂದಿದ್ದೇವೆ. ಕಾಯಿಲೆ ಮುಖ ನೋಡಿ ಬರುತ್ತದೆಯೇ?

ಚೆಲುವಾದವರು ಎದುರಿಸುವ ಇನ್ನೊಂದು ತೊಡಕು ಹೊರಗಿನವರಿಗೆ ಕಾಣುವುದಿಲ್ಲ. ಬ್ರೆಂಡಾ ಮೇಜರ್ ಮತ್ತು ಸಂಗಡಿಗರ 1984ರ ಪ್ರಯೋಗದಲ್ಲಿ, ಬರೆದ ಪ್ರಬಂಧಕ್ಕೆ ಹೊಗಳಿಕೆ ಬಂದಾಗ, ಹೊಗಳಿದವರು ತಮ್ಮನ್ನು ನೋಡಿದ್ದಾರೆ ಎಂದು ತಿಳಿದಿದ್ದ ಚೆಲುವಾದವರು ಆ ಹೊಗಳಿಕೆಯನ್ನು ಬರಹದ ಗುಣಕ್ಕೆ ಸಂದದ್ದೆಂದು ನಂಬಲು ಹಿಂಜರಿದರು. ಮನಸ್ಸಿನ ಮಾತಿಗೂ ಇದೇ ಪಾಡು ಎಂದು ನನ್ನ ಅನಿಸಿಕೆ. ತನ್ನ ದುಃಖ ಕೇಳಿ ಕಣ್ಣು ತುಂಬಿಕೊಂಡವನು ದುಃಖಕ್ಕಾಗಿ ಕರಗಿದನೋ, ರೂಪಕ್ಕಾಗಿ ಕರಗಿದನೋ? ಈ ಅನುಮಾನ ಹೊತ್ತುಕೊಂಡು ಸಮಾಧಾನದ ಮಾತನ್ನು ಸ್ವೀಕರಿಸುವುದು ಸುಲಭವಲ್ಲ. ಹೆಂಗಸೊಬ್ಬಳು ಗಂಡಸಿನ ಬಳಿ ಕಷ್ಟ ಹೇಳಿಕೊಂಡರೆ ಅದನ್ನೇ ಸಲುಗೆಯ ಆಹ್ವಾನವೆಂದು ತಿಳಿಯುವವರು ಕಡಿಮೆಯೇನಿಲ್ಲ ಎಂಬುದು ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಲಿಂಗವೂ ರೂಪವೂ ಒಟ್ಟಿಗೆ ಬಂದು ಕೂರುವ ಜಾಗ ಲೈಂಗಿಕ ಕಿರುಕುಳದ ದೂರು. ಈ ಬಗ್ಗೆ ಮಾತನಾಡುವಾಗ ನನಗೆ ಧ್ವನಿ ತಗ್ಗಿಸಿ ಮಾತನಾಡಲು ಆಗುವುದಿಲ್ಲ. ಜಿನ್ ಗೋ, ಬ್ರಿನ್ ಬ್ಯಾಂಟ್-ಲಾ, ಷೆರಿಲ್ ಕೈಸರ್ ಮೊದಲಾದವರು 2021ರಲ್ಲಿ ಪ್ರಕಟಿಸಿದ ಸಂಶೋಧನಾ ಸರಣಿಯೊಂದಿದೆ. ಕಿರುಕುಳಕ್ಕೆ ಒಳಗಾಗುವವಳು ಎಂದರೆ ಜನರ ಕಲ್ಪನೆಯಲ್ಲಿ ಮೂಡುವುದು ಯೌವನದ, ಚೆಲುವಾದ, ರೂಢಿಯ ಅರ್ಥದಲ್ಲಿ ಹೆಣ್ಣುತನ ತೋರುವ ಹೆಂಗಸು. ಆ ಚಿತ್ರಕ್ಕೆ ಹೊಂದದವಳು ಅದೇ ಘಟನೆಯನ್ನು, ಅದೇ ಮಾತುಗಳಲ್ಲಿ ಹೇಳಿದರೂ ಅವಳನ್ನು ನಂಬುವುದು ಕಡಿಮೆ, ಅವಳಿಗಾದ ಹಾನಿಯೂ ಕಡಿಮೆ ಎಂದು ತೋರುತ್ತದೆ, ತಪ್ಪಿತಸ್ಥನಿಗೆ ಶಿಕ್ಷೆಯೂ ಕಡಿಮೆ ಸಾಕೆನಿಸುತ್ತದೆ. "ಇವಳನ್ನು ಯಾರು ಕೆಣಕುತ್ತಾರೆ" ಎಂಬ ಹೀನ ಮಾತು ಪ್ರಯೋಗಾಲಯದಲ್ಲಿ ಅಂಕಿಯಾಗಿ ಕಾಣಿಸಿಕೊಂಡ ರೀತಿ ಅದು. ಆ ಚಿತ್ರಕ್ಕೆ ಹೊಂದುವವಳಿಗಾದರೂ ನ್ಯಾಯ ಸಿಗುತ್ತದೆಯೇ ಎಂದರೆ, ಅವಳನ್ನು ನಾವು ಕೇಳುವ ಪ್ರಶ್ನೆ ಬೇರೆ: ಯಾವ ಬಟ್ಟೆ ಹಾಕಿದ್ದೆ, ನೀನೇ ಏನಾದರೂ ಸಲುಗೆ ಕೊಟ್ಟೆಯಾ? ಕಿರುಕುಳವೆಂಬುದು ಆಕರ್ಷಣೆಯ ಅತಿರೇಕ ಎಂಬ ತಪ್ಪು ತಿಳಿವಳಿಕೆಯಿಂದ ಈ ಎರಡು ಪ್ರಶ್ನೆಗಳೂ ಹುಟ್ಟುತ್ತವೆ. ಅದು ಅಧಿಕಾರದ ಅತಿರೇಕ. ಇದನ್ನು ತಿಳಿದವರು ಅವಳ ಮುಖವನ್ನು ನೋಡುವುದಿಲ್ಲ, ಅವನ ಕುರ್ಚಿಯನ್ನು ನೋಡುತ್ತಾರೆ. ಅದೇ ಕಿರುಕುಳ ಒಬ್ಬ ಗಂಡಸಿಗೆ ಆದರೆ? ಅವನು ಬಾಯಿ ಬಿಟ್ಟರೆ ಮೊದಲು ಬರುವುದು ನಗು. ಅದರ ಬಗ್ಗೆ ಬೇರೆಯದೇ ಉಪನ್ಯಾಸ ಬೇಕು.

ಇಷ್ಟು ಹೇಳಿದ ಮೇಲೆ "ಸರಿ, ಇನ್ನು ಮೇಲೆ ನಾನು ಎಚ್ಚರದಿಂದಿರುತ್ತೇನೆ" ಎಂದು ನೀವು ಅಂದುಕೊಳ್ಳಬಹುದು. ಅಷ್ಟೇ ಸಾಲದು ಎಂಬುದಕ್ಕೆ ಇನ್ನೊಂದು ಪ್ರಯೋಗವನ್ನು ಮುಂದಿಡುತ್ತೇನೆ. 1977ರಲ್ಲೇ ರಿಚರ್ಡ್ ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ ಒಬ್ಬ ಅಧ್ಯಾಪಕರ ಎರಡು ವಿಡಿಯೊಗಳನ್ನು ಮಾಡಿದರು. ಒಂದರಲ್ಲಿ ಅವರು ಪ್ರೀತಿಯಿಂದ ಮಾತನಾಡುತ್ತಾರೆ, ಇನ್ನೊಂದರಲ್ಲಿ ಬಿರುಸಾಗಿ. ಮನುಷ್ಯ ಒಬ್ಬರೇ, ಮುಖ ಅದೇ, ಉಚ್ಚಾರಣೆಯೂ ಅದೇ. ಪ್ರೀತಿಯ ವಿಡಿಯೊ ನೋಡಿದ ವಿದ್ಯಾರ್ಥಿಗಳಿಗೆ ಅವರ ರೂಪವೂ ಉಚ್ಚಾರಣೆಯೂ ಇಷ್ಟವಾದವು. ಬಿರುಸಿನ ವಿಡಿಯೊ ನೋಡಿದವರಿಗೆ ಅವೇ ಸಹಿಸಲಾಗಲಿಲ್ಲ. ಅವರ ಮೇಲಿನ ಒಟ್ಟು ಅಭಿಪ್ರಾಯ ನಿಮ್ಮ ಉತ್ತರದ ಮೇಲೆ ಪ್ರಭಾವ ಬೀರಿತೇ ಎಂದು ಕೇಳಿದರೆ, ಖಂಡಿತ ಇಲ್ಲ ಎಂದರು. ಬಿರುಸಿನ ವಿಡಿಯೊ ನೋಡಿದವರಲ್ಲಿ ಹಲವರು, ಅವರ ರೂಪ ಮತ್ತು ಉಚ್ಚಾರಣೆ ಹಿಡಿಸದೆ ಇದ್ದುದರಿಂದಲೇ ಅವರು ಹಿಡಿಸಲಿಲ್ಲ ಎಂದು ತಿಳಿದರು. ಕಾರಣ ಕಾರ್ಯಗಳೇ ತಲೆಕೆಳಗಾಗಿದ್ದವು. ನಮ್ಮ ಒಳಗೆ ಇಣುಕಿ ನೋಡಿ ಪಕ್ಷಪಾತವನ್ನು ಹುಡುಕಿದರೆ ಅದು ಸಿಗುವುದಿಲ್ಲ. ನಮ್ಮ ನಡತೆಯನ್ನು ನೋಡಬೇಕು: ಯಾರ ಮಾತನ್ನು ಮಧ್ಯದಲ್ಲಿ ತಡೆದೆ, ಯಾರಿಗೆ ಮರುಪ್ರಶ್ನೆ ಕೇಳಿದೆ, ಯಾರಿಗೆ ಕೇಳದೆಯೇ ಸಲಹೆ ಕೊಟ್ಟೆ.

ಸಂಸ್ಥೆಗಳ ಮಟ್ಟದಲ್ಲಿಯೂ ಇದು ಬದಲಾಗಬಲ್ಲದು. 1972ರಲ್ಲಿ ಥಾಮಸ್ ಈಗಲ್‌ಟನ್ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದರು. ಖಿನ್ನತೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದದ್ದು ಬಯಲಾದ ಮೇಲೆ, ಆಯ್ಕೆಯಾದ 18 ದಿನಗಳಲ್ಲಿ ಅವರು ಹಿಂದೆ ಸರಿಯಬೇಕಾಯಿತು. 1998ರಲ್ಲಿ ನಾರ್ವೆಯ ಪ್ರಧಾನಿ ಷೆಲ್ ಮಾಗ್ನೆ ಬೊಂಡೆವಿಕ್ ತಮಗೆ ಖಿನ್ನತೆಯಾಗಿದೆ ಎಂದು ದೇಶಕ್ಕೆ ತಿಳಿಸಿ, ಅಧಿಕಾರವನ್ನು ತಾತ್ಕಾಲಿಕವಾಗಿ ಸಹೋದ್ಯೋಗಿಗೆ ವಹಿಸಿ, ಮೂರು ವಾರಗಳಿಗೂ ಹೆಚ್ಚು ಕಾಲ ರಜೆ ಪಡೆದು ಮರಳಿ ಕೆಲಸಕ್ಕೆ ಬಂದರು. 2001ರಲ್ಲಿ ಮತ್ತೆ ಪ್ರಧಾನಿಯಾದರು. ಇಬ್ಬರೂ ಗಂಡಸರೇ, ಇಬ್ಬರದ್ದೂ ಒಂದೇ ಬಗೆಯ ಕಾಯಿಲೆ. ಈಗಲ್‌ಟನ್ ಅವರದ್ದು ಮೊದಲೇ ಮುಚ್ಚಿಟ್ಟ ವಿಷಯವಾಗಿತ್ತು ಎಂಬ ವ್ಯತ್ಯಾಸವೂ ಉಂಟು. ಆದರೂ, ಜ್ವರಕ್ಕೆ ರಜೆ ಕೊಟ್ಟಂತೆ ಖಿನ್ನತೆಗೂ ರಜೆ ಕೊಟ್ಟ ಒಂದು ಸರ್ಕಾರ ಉರುಳಿ ಬೀಳಲಿಲ್ಲ ಎಂಬುದನ್ನು ಮೇಲಧಿಕಾರಿಗಳ ಸ್ಥಾನದಲ್ಲಿರುವವರು ನೆನಪಿಡಬೇಕು.

ಉಪನ್ಯಾಸದ ಮೊದಲೇ ಒಬ್ಬರು ಚೀಟಿ ಬರೆದು ಕೊಟ್ಟಿದ್ದರು: "ಕೇಳುವವರು ಹೀಗಿದ್ದರೆ, ಹೇಳದೆ ಇರುವುದೇ ಮೇಲಲ್ಲವೇ?" ಅಲ್ಲ. ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಬದುಕಿನ ಅತಿ ನೋವಿನ ಸಂಗತಿಯನ್ನು ಬರೆಯಲು ಹೇಳಿದರು. ಘಟನೆಯನ್ನೂ ಅದರ ಬಗೆಗಿನ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಕಾಗದ ಯಾರ ಮುಖವನ್ನೂ ನೋಡುವುದಿಲ್ಲ. ಆರಂಭ ಅಲ್ಲಿಂದಾಗಲಿ.

ಮನುಷ್ಯರ ಬಳಿಗೆ ಹೋಗುವಾಗ ಒಂದೇ ಸಲಕ್ಕೆ ಎಲ್ಲವನ್ನೂ ಸುರಿಯಬೇಡಿ. ಮೊದಲು ಒಂದು ಸಣ್ಣ ವಿಷಯ ಹೇಳಿ. ಎದುರಿನವರು "ನಿನ್ನಂಥವರಿಗೆ ಹೀಗಾಗುತ್ತದೆಯೇ" ಎಂದು ಅಚ್ಚರಿಪಟ್ಟರೋ, ಅಥವಾ "ಯಾವಾಗಿನಿಂದ ಹೀಗಾಗುತ್ತಿದೆ" ಎಂದು ಕೇಳಿದರೋ ಗಮನಿಸಿ. ನೀವು ಹೇಳಿದ್ದು ಮೂರನೆಯವರ ಬಾಯಿಂದ ನಿಮಗೇ ಮರಳಿ ಬಂತೋ, ನೋಡಿ. ಮುಂದಿನ ಭೇಟಿಯಲ್ಲಿ ಅವರು ತಾವಾಗಿಯೇ ಅದನ್ನು ನೆನಪಿಟ್ಟುಕೊಂಡು ವಿಚಾರಿಸಿದರೆ, ಎರಡನೆಯ ಮಾತನ್ನು ಅವರಿಗೇ ಹೇಳಿ.